ಗಂಗಲಕ್ಷ್ಮಿಯ ಕಟ್ಟಿಸಿದ ಹಲ್ಲು

ಗಂಗಲಕ್ಷ್ಮಿ ಹುಟ್ಟುವುದಕ್ಕೆ ಒಂದೆರಡು ವರ್ಷ ಮುಂಚೆ, ಪರಶುರಾಂಪುರದ ಆಚೆಗಿದ್ದ ಅವರ ಹಟ್ಟಿಗೆ ಬೋರಿಂಗ್ ಬಂದಿತ್ತು. ಅಲ್ಲಿಯವರೆಗೆ ಹೆಂಗಸರು ಹಳ್ಳದ ಪಕ್ಕದ ಸೇದೋ ಬಾವಿಗೆ ಹೋಗುತ್ತಿದ್ದರು. ಆ ನೀರು ಕುಡಿದರೆ ವಾಂತಿಭೇದಿ ಬರುತ್ತದೆಂದು ಹೇಳಿ ಕೈಪಂಪು ಹಾಕಿಸಿಕೊಟ್ಟವರಿಗೆ ಹಟ್ಟಿಯ ಜನ ಹಾರ ಹಾಕಿ ಕಳಿಸಿದ್ದರು. ನೀರು ತಿಳಿಯಾಗಿತ್ತು, ಬೇಸಿಗೆಯಲ್ಲೂ ಬರುತ್ತಿತ್ತು. ನಾಲ್ಕೈದು ವರ್ಷದಲ್ಲಿ ಬಾವಿ ಮುಳ್ಳುಕಂಟಿ ಬೆಳೆದು ಮುಚ್ಚಿಹೋಯಿತು.

ಗಂಗಲಕ್ಷ್ಮಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಅವು ಸುಣ್ಣ ಬಳಿದಂತೆ ಮಂಕಾಗಿದ್ದವು. ಬರಬರುತ್ತಾ ಅಡ್ಡಡ್ಡ ಕಂದು ಗೆರೆ ಮೂಡಿದವು. ಅವಳ ವಾರಿಗೆಯ ಮಕ್ಕಳೆಲ್ಲರದೂ ಅದೇ ಕತೆ. ದೊಡ್ಡವರ ಹಲ್ಲು ಮಾತ್ರ ನೆಟ್ಟಗಿದ್ದವು. ಎಲ್ಲರ ಕಣ್ಣೆದುರಿಗೇ ಇದ್ದ ಈ ವ್ಯತ್ಯಾಸ ಏಕೆಂದು ಯಾರಿಗೂ ಹೊಳೆಯಲಿಲ್ಲ. ಹಲ್ಲುಜ್ಜದ ಮಕ್ಕಳೆಂದು ಮೇಷ್ಟ್ರು ಕೈಗೆ ಬರೆ ಬರುವ ಹಾಗೆ ಹೊಡೆದರು. ತಾಯಿ ಲಕ್ಷ್ಮಕ್ಕ ಇಟ್ಟಿಗೆ ಪುಡಿ ಹಾಕಿ, ಒಸಡಿನಲ್ಲಿ ರಕ್ತ ಬರುವವರೆಗೆ ಮಗಳ ಹಲ್ಲು ತಿಕ್ಕಿದಳು. ಗೆರೆ ಹೋಗಲಿಲ್ಲ.

ಹುಡುಗಿ ತುಟಿ ಮುಚ್ಚಿಕೊಂಡು ಮಾತಾಡುವುದನ್ನು ಕಲಿತಳು. ಶೇಂಗಾ ಬಿಡಿಸುವ ಹೆಂಗಸರ ನಡುವೆ ಕೂತು ತಮಾಷೆಯ ಮಾತಿಗೆ ಎಲ್ಲರೂ ನಕ್ಕರೆ, ಅವಳು ಮೊಣಕಾಲಿಗೆ ಮುಖ ಒತ್ತಿಕೊಂಡು ನಗುತ್ತಿದ್ದಳು.

ಹದಿನೇಳು ತುಂಬಿದ ಮೇಲೆ ನೋಡಲು ಬಂದವರು ಒಬ್ಬರಾದ ಮೇಲೆ ಒಬ್ಬರು ಏನೂ ಹೇಳದೆ ಹೋದರು. ಕೊನೆಗೆ ಬಂದ ಮನೆಯ ಹಿರಿ ಹೆಂಗಸು ಮಾತ್ರ ಕಾಫಿ ಕುಡಿದು ಲೋಟ ಕೆಳಗಿಟ್ಟು, "ಎಲ್ಲಿ, ಒಂದೀಟು ನಗವ್ವ ನೋಡಾನ" ಅಂದಳು. ಗಂಗಲಕ್ಷ್ಮಿ ನಕ್ಕಳು. ವಾರದ ಮೇಲೆ ಆ ಊರಿನಿಂದ ಬಂದವರ ಬಾಯಲ್ಲಿ ಸುದ್ದಿ ಬಂತು: ಹುಡುಗಿಗೆ ಹೊಗೆಸೊಪ್ಪು ಹಾಕುವ ಚಟ ಇದೆಯಂತೆ.

ತಂದೆ ದೊಡ್ಡಪಾಲಯ್ಯ ಕುರಿ ಕಾಯುವವನು. ಸಂತೆಯಲ್ಲಿ ಕುರಿಯ ಬಾಯಿ ಅಗಲಿಸಿ, ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ ಮನುಷ್ಯ. ತನ್ನ ಮಗಳ ಬಾಯನ್ನು ಜನ ಹಾಗೇ ನೋಡಿದ್ದು ಅವನಿಗೆ ನುಂಗಲಾಗಲಿಲ್ಲ. ಅವಳನ್ನು ಚಳ್ಳಕೆರೆಗೆ ಕರೆದುಕೊಂಡು ಹೋದ. ದೊಡ್ಡಾಸ್ಪತ್ರೆಯ ಡಾಕ್ಟರು ನೋಡಿ, ಇದು ನೀರಿನಿಂದ ಬಂದದ್ದು, ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಹಲ್ಲಿನ ಬೇರು ಗಟ್ಟಿ ಇವೆ, ಕೀಳಿಸಬೇಡಿ ಎಂದರು. ನೀರಿನಿಂದ ಎಂಬ ಮಾತು ದೊಡ್ಡಪಾಲಯ್ಯನ ಕಿವಿಗೆ ಬೀಳಲೇ ಇಲ್ಲ. ಹೋಗುವುದಿಲ್ಲ ಎಂದದ್ದು ಮಾತ್ರ ಬಿತ್ತು. ಅಲ್ಲಿಂದ ನೇರವಾಗಿ ಪೇಟೆ ಬೀದಿಯಲ್ಲಿ ಹಲ್ಲು ಕಟ್ಟುವವನ ಹತ್ತಿರ ಹೋದ.

ಮೇಲಿನ ಸಾಲಿನ ಮುಂದಿನ ಹಲ್ಲುಗಳನ್ನೆಲ್ಲ ಅವನು ಕಿತ್ತ. ಕೆಳಗಿನವು ನಗುವಾಗ ಕಾಣುವುದಿಲ್ಲ ಎಂದು ಬಿಟ್ಟ. ಗಟ್ಟಿ ಹಲ್ಲು, ಸುಲಭಕ್ಕೆ ಬರಲಿಲ್ಲ. ಒಂದು ಹಲ್ಲಿಗಂತೂ ಅವಳ ಎದೆಗೆ ಮೊಣಕೈ ಊರಿ ಎಳೆದ. ದೊಡ್ಡಪಾಲಯ್ಯ ಎದ್ದು ಹೊರಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತ. ಒಸಡು ಮಾಗಿದ ಮೇಲೆ ತೆಗೆದು ಹಾಕುವಂಥ ಹಲ್ಲಿನ ಸೆಟ್ಟು ಕೂರಿಸಿದ. ಬೆಳ್ಳನೆಯ, ಒಂದೇ ಅಳತೆಯ ಹಲ್ಲು. ಕನ್ನಡಿಯಲ್ಲಿ ಗಂಗಲಕ್ಷ್ಮಿ ಬೇರೆ ಯಾರನ್ನೋ ನೋಡಿದಂತೆ ನೋಡಿದಳು.

ತೊಂಬತ್ತೇಳರಲ್ಲಿ ಕೊಂಡ್ಲಹಳ್ಳಿ ಕಡೆಯ ಒಂದು ಹಟ್ಟಿಯ ಜಂಪಣ್ಣನೊಂದಿಗೆ ಮದುವೆಯಾಯಿತು. ಹಲ್ಲಿನ ವಿಷಯ ಯಾರಿಗೂ ಹೇಳಕೂಡದೆಂದು ಲಕ್ಷ್ಮಕ್ಕ ಆಣೆ ಹಾಕಿಸಿಕೊಂಡಿದ್ದಳು. ಗಂಗಲಕ್ಷ್ಮಿ ಮಲಗುವಾಗಲೂ ಸೆಟ್ಟು ತೆಗೆಯಲಿಲ್ಲ. ಒಸಡು ಹುಣ್ಣಾಯಿತು. ಕೆಲವೇ ತಿಂಗಳಲ್ಲಿ ಜ್ವರ ಬಂದು ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾಗ, ಗಂಜಿ ಕುಡಿಸಲು ಬಂದ ಅತ್ತೆ ಬೋರಕ್ಕನ ಕೈಗೆ ಆ ಹಲ್ಲುಗಳು ಬಂದವು. ಅವಳು ಚೀರಿ, ಮೋಸ ಮಾಡಿದರೆಂದು ಕೇರಿಗೆಲ್ಲ ಕೇಳುವ ಹಾಗೆ ಬೈದಳು. ಜ್ವರ ಬಿಟ್ಟ ಮೇಲೆ ಸೊಸೆಯನ್ನು ತವರಿಗೆ ಅಟ್ಟುವುದೆಂದು ತೀರ್ಮಾನವಾಯಿತು.

ಜಂಪಣ್ಣ ಮಾತಿನವನಲ್ಲ. ಹೆಂಡತಿಯ ಪಕ್ಕ ಕೂತು, ಏನಾಯಿತೆಂದು ಎಲ್ಲ ಕೇಳಿಕೊಂಡ. ಆಮೇಲೆ ತನ್ನ ಮೇಲ್ದುಟಿಯನ್ನು ಬೆರಳಿನಿಂದ ಎತ್ತಿ ತೋರಿಸಿದ. ಅವನ ಹಲ್ಲಿನ ಮೇಲೂ ಅದೇ ಕಂದು ಗೆರೆಗಳಿದ್ದವು. ಮದುವೆಗೆ ಮುಂಚೆ ಗಂಡಿನ ಹಲ್ಲನ್ನು ಯಾರೂ ನೋಡಿರಲಿಲ್ಲ.

"ಮೊದ್ಲೇ ಹೇಳಿದ್ರೆ ನಾನೇನು ಬ್ಯಾಡ ಅಂತಿದ್ನಾ? ಸುಮ್ನೆ ಕೀಳಿಸ್ಕಂಡ್ಯಲ್ಲ" ಅಂದ.

ಅವನು ಅವಳನ್ನು ತವರಿಗೆ ಕಳಿಸಲಿಲ್ಲ. ಆದರೆ ಆ ಮಾತು ಅವಳನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ಹಲ್ಲು ಕೀಳಿಸಿಕೊಂಡ ದಿನ ಬಾರದ ಅಳು ಅವತ್ತು ಬಂತು.

ಮರುವರ್ಷ ದಿವ್ಯಾ ಹುಟ್ಟಿದಳು. ಮಗುವಿಗೆ ಮೂರು ವರ್ಷ ಆದಾಗ ಶಾಲೆಯಲ್ಲಿ ಹಲ್ಲಿನ ಕ್ಯಾಂಪು ನಡೆಯಿತು. ಅಲ್ಲಿಗೆ ಬಂದಿದ್ದ ಡಾಕ್ಟರಮ್ಮ ಊರಿನ ನೀರುಗಳನ್ನೆಲ್ಲ ತರಿಸಿ, ಒಂದೊಂದು ಸೀಸೆಗೂ ನಾಲ್ಕು ಹನಿ ನಸುಗೆಂಪು ಔಷಧಿ ಬಿಟ್ಟು ತೋರಿಸಿದರು. ಈ ಹಟ್ಟಿಯಲ್ಲೂ ಇದ್ದ ಬೋರಿಂಗಿನ ನೀರು ಹಳದಿಗೆ ತಿರುಗಿತು. ಎರಡು ಮೈಲಿ ದೂರದ ಯರ್ರಪ್ಪನ ಹೊಲದ ತೆರೆದ ಬಾವಿಯ ನೀರು ನಸುಗೆಂಪಾಗಿಯೇ ಉಳಿಯಿತು. ನೆಲದಾಳದ ಕಲ್ಲಿನಿಂದ ಫ್ಲೋರೈಡ್ ಎಂಬುದು ನೀರಿಗೆ ಇಳಿಯುತ್ತದೆ, ಚೂರು ಇದ್ದರೆ ಹಲ್ಲಿಗೆ ಬಲ, ಹೆಚ್ಚಾದರೆ ಮೊದಲು ಹಲ್ಲು ಕೆಡುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆಯೂ ಬಿಗಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ ಎಂದರು.

ಗಂಗಲಕ್ಷ್ಮಿ ಮಾರನೆಯ ದಿನವೇ ಕೊಡ ಹೊತ್ತು ಯರ್ರಪ್ಪನ ಹೊಲಕ್ಕೆ ಹೋದಳು. ಮುದುಕನ ಮನೆಮಾತು ತೆಲುಗು. ಬಾವಿಯಲ್ಲಿ ನೀರು ತಳ ಕಂಡಿತ್ತು, ಬಂದವರಿಗೆಲ್ಲ ಬಿಡುವಂತಿರಲಿಲ್ಲ. "ಮಗೀಗೆ ತಾನೆ? ದಿನಾ ಒಂದು ಕೊಡ ತಗಂಡೋಗು ತಲ್ಲಿ" ಅಂದ.

ಆ ಒಂದು ಕೊಡವನ್ನು ದಿವ್ಯಾಳಿಗೆ ಕುಡಿಯಲು, ಅವಳ ಅನ್ನಕ್ಕೆ, ಅವಳ ಸಾರಿಗೆ ಬಳಸಿದಳು. ತಾನು ಬೋರಿಂಗ್ ನೀರನ್ನೇ ಕುಡಿದಳು. ಮಗು ಬೇರೆಯವರ ಮನೆಯಲ್ಲಿ ನೀರು ಮುಟ್ಟಿದರೆ ಓಡಿಹೋಗಿ ಲೋಟ ಕಸಿದುಕೊಳ್ಳುತ್ತಿದ್ದಳು. ಬೋರಕ್ಕನೂ ಕ್ರಮೇಣ ಸುಮ್ಮನಾಗಿ, ಆ ಕೊಡದ ಮೇಲೆ ತಟ್ಟೆ ಮುಚ್ಚಿ ಕಾಯತೊಡಗಿದಳು.

ಏಳನೇ ವರ್ಷಕ್ಕೆ ದಿವ್ಯಾಳ ಮುಂದಿನ ಹಲ್ಲು ಬಂದವು. ಅವುಗಳ ಮೇಲೆ ಕಂದು ಗೆರೆಗಳಿದ್ದವು.

ಗಂಗಲಕ್ಷ್ಮಿ ಮಗಳನ್ನು ಎಳೆದುಕೊಂಡು ಮೊಳಕಾಲ್ಮೂರಿನ ಆಸ್ಪತ್ರೆಗೆ ಹೋದಳು. ಕ್ಯಾಂಪಿಗೆ ಬಂದಿದ್ದ ಡಾಕ್ಟರಮ್ಮನೇ ಅಲ್ಲಿ ಸಿಕ್ಕರು. ತಾನು ಒಂದು ದಿನವೂ ತಪ್ಪಿಸಲಿಲ್ಲ, ಆದರೂ ಹೀಗೇಕೆ ಎಂದು ಕೇಳಿದಳು. ಡಾಕ್ಟರಮ್ಮ, "ಈಗ ಬಂದಿರೋ ಹಲ್ಲು ಒಸಡಿನೊಳಗೆ ತಯಾರಾಗೋದು ಮೂರು ವರ್ಷದೊಳಗೇ ಕಣಮ್ಮ. ನೀನು ನೀರು ಬದಲಾಯಿಸೋ ಹೊತ್ತಿಗೆ ಅವು ಆಗಿಹೋಗಿದ್ವು" ಎಂದರು. ಹಿಂದೆ ಬರುವ ಹಲ್ಲು ಚೆನ್ನಾಗಿರಬಹುದು, ನೀರು ನಿಲ್ಲಿಸಬೇಡ ಎಂದೂ ಹೇಳಿದರು. ಬಸ್ಸಿನಲ್ಲಿ ಅವಳು ಹಟ್ಟಿ ಬರುವವರೆಗೂ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು.

ನೀರು ಹೊರುವುದನ್ನು ನಿಲ್ಲಿಸಲಿಲ್ಲ. ಅಷ್ಟರಲ್ಲಿ ಅವಳದೇ ಮೈ ಬಿಗಿಯುತ್ತಿತ್ತು. ಮೊದಲು ಬೆಳಿಗ್ಗೆ ಏಳುವಾಗ ಸೊಂಟ, ಆಮೇಲೆ ಮಂಡಿ. ಮೂವತ್ತು ದಾಟುವ ಹೊತ್ತಿಗೆ ಕುತ್ತಿಗೆ ಬಗ್ಗದಾಯಿತು. ಬಾವಿಕಟ್ಟೆಯ ಮೇಲೆ ನಿಂತು ಕೆಳಗೆ ನೋಡಲಾಗದೆ, ಹಗ್ಗದ ಭಾರದಿಂದಲೇ ಕೊಡ ತುಂಬಿತೆಂದು ತಿಳಿಯಬೇಕಿತ್ತು. ಒಂದು ದಿನ ದಾರಿಯಲ್ಲಿ ಬಿದ್ದಳು. ಕುರಿ ಹೊಡೆದುಕೊಂಡು ಬಂದವರು ಎಬ್ಬಿಸುವವರೆಗೆ ಒದ್ದೆ ಮಣ್ಣಿನಲ್ಲೇ ಬಿದ್ದಿದ್ದಳು.

ದಿವ್ಯಾಳ ಕೋರೆಹಲ್ಲಿನ ಹಿಂದಿನ ಹಲ್ಲುಗಳು ಹನ್ನೊಂದನೇ ವರ್ಷಕ್ಕೆ ಬಂದವು. ಗಂಗಲಕ್ಷ್ಮಿಗೆ ಬಗ್ಗಿ ನೋಡಲಾಗದು. ಚಾಪೆಯ ಮೇಲೆ ಅಂಗಾತ ಮಲಗಿದಳು, ಹುಡುಗಿ ಅವಳ ಮೇಲೆ ಬಾಗಿ ಬಾಯಿ ತೆರೆದಳು. ಮುಂದಿನ ಗೆರೆ ಗೆರೆ ಹಲ್ಲುಗಳ ಹಿಂದೆ, ಎರಡೂ ಕಡೆ, ಒಂದೂ ಕಲೆಯಿಲ್ಲದ ಬಿಳಿ ಹಲ್ಲುಗಳಿದ್ದವು. ಗಂಗಲಕ್ಷ್ಮಿ ಅವುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

"ಇವು ಯಾರಿಗೂ ಕಾಣಾಕಿಲ್ಲ ಬಿಡವ್ವ" ಅಂದಳು ದಿವ್ಯಾ.

ತಾಯಿ ಮಗಳ ಗದ್ದ ಹಿಡಿದುಕೊಂಡೇ ಇದ್ದಳು.

ಆ ಬೇಸಿಗೆಯಿಂದ ಯರ್ರಪ್ಪನ ಹೊಲಕ್ಕೆ ದಿವ್ಯಾಳೇ ಹೋಗತೊಡಗಿದಳು. ತಾಯಿಗೂ ಬೇಕೆಂದು ಮುದುಕನನ್ನು ಕೇಳಿಕೊಂಡು, ಮತ್ತೊಂದು ಸಲ ಹೋಗಿ ಇನ್ನೊಂದು ಕೊಡ ತರುತ್ತಿದ್ದಳು. ಬಿಗಿದ ಮೂಳೆ ಮತ್ತೆ ಸಡಿಲವಾಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಹುಡುಗಿ ಲೋಟ ತುಂಬಿ ತಂದು ಕೊಟ್ಟರೆ ಗಂಗಲಕ್ಷ್ಮಿ ತಲೆ ಹಿಂದಕ್ಕೆ ಒರಗಿಸಲಾಗದೆ, ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು.