ಕೆಂಪು ಬಟನ್ ಒತ್ತಿದ್ದು ಯಾರು?

ಕಳೆದ ಶನಿವಾರ ಮಧ್ಯಾಹ್ನ ಪಾಲೋ ಆಲ್ಟೋದ ಥಿಯೇಟರಿನಲ್ಲಿ ಕೂತು ಪರದೆಗೆ ಬೈದೆ. ಗಟ್ಟಿಯಾಗಿಯೇ. ಮುಂದಿನ ಸಾಲಿನ ಬಿಳಿಗಡ್ಡದವರೊಬ್ಬರು ತಿರುಗಿ ನೋಡಿದರು. ಕನ್ನಡ ಬಾರದಿದ್ದರೂ ಒಪ್ಪಿಗೆ ಎಂಬಂತೆ ತಲೆಯಾಡಿಸಿದರು.

ಪಿಯುಸಿಯಿಂದ ನಾನು ಹುಚ್ಚು ಹಿಡಿಸಿಕೊಂಡ ಬ್ಯಾಂಡಿನ ಕಾನ್ಸರ್ಟ್ ಡಾಕ್ಯುಮೆಂಟರಿ ಅದು. (ಯಾವ ಬ್ಯಾಂಡು ಎಂದು ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಜಗಳಕ್ಕೆ ಬರುತ್ತೀರಿ.) ನಡುವೆ ಅರವತ್ತರ ದಶಕದ ಬ್ರಿಟಿಷ್ ಟೀವಿಯ ಸಂಗೀತ ಕಾರ್ಯಕ್ರಮಗಳ ಕಥೆ ಬರುತ್ತದೆ. ಹಿಂದೆ ರೆಕಾರ್ಡು ತಿರುಗುತ್ತಿದೆ, ಮುಂದೆ ಹುಡುಗರು ಬರೀ ಬಾಯಿ ಆಡಿಸುತ್ತಿದ್ದಾರೆ. ಗಿಟಾರಿಗೆ ವೈರೇ ಇಲ್ಲ. ಅದನ್ನೂ ಸಹಿಸಿಕೊಂಡೆ.

ಸಹಿಸಲಾಗದ್ದು ಆಮೇಲೆ ಬಂತು. ಆ ಕಾರ್ಯಕ್ರಮಗಳಲ್ಲಿ ಎಷ್ಟೋ ಇವತ್ತು ಇಲ್ಲವೇ ಇಲ್ಲ. ಟೇಪು ದುಬಾರಿ ಎಂದು ಅದರ ಮೇಲೆಯೇ ಬೇರೇನನ್ನೋ ರೆಕಾರ್ಡ್ ಮಾಡಿಬಿಟ್ಟರಂತೆ. ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದ ಮುದುಕನೊಬ್ಬ ನಗುತ್ತಾ ಹೇಳುತ್ತಾನೆ: ಇದನ್ನೆಲ್ಲ ಮತ್ತೆ ಯಾರು ನೋಡುತ್ತಾರೆ ಅಂದುಕೊಂಡಿದ್ದೆವು.

ನಾನು ಬೈದದ್ದು ಅವನಿಗೆ.

ಪಕ್ಕದಲ್ಲಿದ್ದವಳು ನನ್ನ ಅಕ್ಕ. ಹೆಂಡತಿಗೆ ಆಸ್ಪತ್ರೆಯ ಡ್ಯೂಟಿ ಬಂದು ಒಂದು ಟಿಕೆಟ್ಟು ಉಳಿದಿತ್ತು. ಕ್ಯುಪರ್ಟಿನೋದಲ್ಲಿರುವ ಅಕ್ಕನನ್ನು ಎಳೆದುಕೊಂಡು ಹೋಗಿದ್ದೆ. ವಾಪಸು ಬರುವಾಗ ಫ್ರೀವೇಯಲ್ಲೂ ನನ್ನ ಬೈಗುಳ ನಿಲ್ಲಲಿಲ್ಲ.

"ಬುದ್ಧಿ ಇರೋರು ಮಾಡೋ ಕೆಲಸಾನಾ ಅದು? ನಿನ್ನ ಜಾತಿಯವರು ಅಲ್ಲೂ ಇದ್ದಾರೆ ನೋಡು."

ಈ ಚುಚ್ಚುಮಾತು ನಮ್ಮ ಮನೆಯಲ್ಲಿ ಹಳೆಯದು. ಅಕ್ಕನ ಮದುವೆಗೆ ಮುಂಚೆ ಮೈಸೂರಿನಲ್ಲಿ ಅಮ್ಮ ಒಂದು ಕ್ಯಾಸೆಟ್ಟು ತುಂಬ ಅಡಿಗೆ ಹೇಳಿಕೊಟ್ಟಿದ್ದರು. ಸಾರಿನ ಪುಡಿ, ಹುಳಿಪುಡಿ, ವಾಂಗೀಬಾತ್ ಪುಡಿ, ನಡುನಡುವೆ ಬೈಗುಳ. ಅಕ್ಕ ಅದನ್ನು ಅಳಿಸಿಬಿಟ್ಟಳು. ಮದುವೆಯಾದ ಆರನೇ ತಿಂಗಳಿಗೆ ಅಮ್ಮ ಹೋದರು. ಅಂದಿನಿಂದ ಅಕ್ಕ ವಾಂಗೀಬಾತ್ ಮಾಡಿದಾಗಲೆಲ್ಲ ನಾನು ಮೊದಲ ತುತ್ತಿಗೇ "ಅಮ್ಮಂದು ಹೀಗಿರಲಿಲ್ಲ. ಅಳಿಸಿದವಳು ಅನುಭವಿಸು" ಅನ್ನುತ್ತೇನೆ. ಎಲ್ಲರೂ ನಗುತ್ತಾರೆ. ಈ ಅಂಕಣದಲ್ಲೂ ಒಮ್ಮೆ ಬರೆದಿದ್ದೆ. ಚೆನ್ನಾಗಿದೆ ಎಂದು ನಿಮ್ಮಲ್ಲಿ ಹಲವರು ಮೇಲ್ ಮಾಡಿದ್ದಿರಿ.

ಅಕ್ಕ ಕಿಟಕಿಯಾಚೆ ನೋಡುತ್ತಾ ಹೇಳಿದಳು: "ಅಳಿಸಿದ್ದು ನೀನು ಕಣೋ."

ನಾನು ನಕ್ಕೆ. ಅವಳು ನಗಲಿಲ್ಲ.

"ರೇಡಿಯೋದಲ್ಲಿ ನಿನ್ನ ಬ್ಯಾಂಡಿನ ಪ್ರೋಗ್ರಾಮ್ ಶುರುವಾಗಿತ್ತು. ಖಾಲಿ ಕ್ಯಾಸೆಟ್ ಸಿಗಲಿಲ್ಲ. ಕೈಗೆ ಸಿಕ್ಕಿದ್ದನ್ನ ನೀನು ಹಾಕಿದೆ. ನಿನ್ನ ಪಿಯುಸಿ ಪರೀಕ್ಷೆಗೆ ಹದಿನೈದು ದಿನ ಇತ್ತು. ಅಪ್ಪಂಗೆ ಗೊತ್ತಾಗಿದ್ರೆ ನಿನ್ನ ಬೆನ್ನ ಮೇಲೆ ಚರ್ಮ ಇರ್ತಿರಲಿಲ್ಲ. ಅಮ್ಮಾನೇ ಹೇಳಿದ್ದು, ನಾನೇ ಅಳಿಸ್ದೆ ಅಂತ ಹೇಳಿಬಿಡೇ, ಹೇಗೂ ಮುಂದಿನ ತಿಂಗಳು ಹೋಗೋಳು, ನಿಂಗೆ ಹೊಡೆಯಲ್ಲ, ನಾನು ಇನ್ನೊಂದ್ಸಲ ರೆಕಾರ್ಡ್ ಮಾಡಿಕೊಡ್ತೀನಿ ಅಂತ."

ಆ ಇನ್ನೊಂದು ಸಲ ಬರಲೇ ಇಲ್ಲ.

ಫಿಸಿಕ್ಸ್ ಓದಿದವನು ನಾನು. ಪವಾಡದ ಕಥೆ ಹೇಳುವ ನೆಂಟರನ್ನೆಲ್ಲ ಸಾಕ್ಷಿ ಎಲ್ಲಿ ಎಂದು ಕೇಳಿ ಕೆಟ್ಟವನಾದವನು. ನನ್ನ ನೆನಪು ಸ್ಪಷ್ಟವಾಗಿತ್ತು: ಹಸಿರು ಲಂಗದ ಅಕ್ಕ, ರೆಕಾರ್ಡ್ ಮಾಡುವ ಕೆಂಪು ಬಟನ್ ಮೇಲೆ ಅವಳ ಬೆರಳು, ಬಾಗಿಲಲ್ಲಿ ನಿಂತು ಬೇಡ ಬೇಡ ಎಂದು ಕೂಗುತ್ತಿರುವ ನಾನು. ಇಷ್ಟು ಸ್ಪಷ್ಟವಾದದ್ದು ಸುಳ್ಳಾಗುತ್ತದೆಯೆ?

"ಸಾಕ್ಷಿ ಏನಿದೆ?" ಎಂದೆ. (ಹೌದು, ಆಗಲೂ ಕೇಳಿದೆ.)

ಅಕ್ಕನ ಮನೆ ತಲುಪಿದ ಮೇಲೆ ಅವಳು ಒಳಗಿನಿಂದ ಹಳೆಯ ಬಿಸ್ಕತ್ತಿನ ಡಬ್ಬಿ ತಂದಳು. ಅದರಲ್ಲಿ ಆ ಕ್ಯಾಸೆಟ್ಟು. ಲೇಬಲ್ಲಿನಲ್ಲಿ ಅಮ್ಮನ ದುಂಡನೆಯ ಅಕ್ಷರ, ಅದರ ಮೇಲೆ ಗೀಟು, ಕೆಳಗೆ ಬ್ಯಾಂಡಿನ ಹೆಸರು. ನನ್ನ ಕೈಬರಹ. ಎರಡು ಸಲ ಅಂಡರ್‌ಲೈನು.

"ಇದನ್ನ ನೀನು ಆಮೇಲೂ ಬರೆದಿರಬಹುದು ಅಂತೀಯ. ಇಲ್ಲಿ ನೋಡು" ಎಂದು ತಿರುಗಿಸಿದಳು.

ಕ್ಯಾಸೆಟ್ ಕಾಲದವರಿಗೆ ನೆನಪಿದೆಯಲ್ಲ? ಹಿಂದಿನ ಅಂಚಿನ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದುಬಿಟ್ಟರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಅಮ್ಮನ ದನಿ ಉಳಿಯಲಿ ಎಂದು ಅಕ್ಕ ಅದನ್ನು ಮುರಿದಿಟ್ಟಿದ್ದಳು. ತೂತು ಮುಚ್ಚಿದರೆ ಮತ್ತೆ ರೆಕಾರ್ಡ್ ಆಗುತ್ತದೆ. ಆ ತೂತಿಗೆ ಯಾರೋ ಮಡಿಸಿದ ಕಾಗದ ತುರುಕಿದ್ದರು. ಬೇಕೆಂದೇ.

ಪಿನ್ನಿನಿಂದ ಎಳೆದು ಬಿಡಿಸಿದೆ. ಗ್ರಾಫ್ ಹಾಳೆಯ ತುಂಡು. ಪೆನ್ಸಿಲ್ಲಿನಲ್ಲಿ ಲೋಲಕದ ಪ್ರಯೋಗದ ಅರ್ಧ ಗೆರೆ. ಅಕ್ಕ ಓದಿದ್ದು ಬಿ.ಎ. ಕನ್ನಡ.

ನಾನು ಕೈಗೆ ಸಿಕ್ಕಿದ್ದನ್ನು ಹಾಕಿದೆ ಎಂದು ಹೇಳಿ ಅಕ್ಕ ಇನ್ನೂ ನನ್ನನ್ನು ಕಾಪಾಡುತ್ತಿದ್ದಳು. ಅಮ್ಮನ ಕ್ಯಾಸೆಟ್ ಎಂದು ಗೊತ್ತಿದ್ದೇ ನಾನು ತೂತು ಮುಚ್ಚಿದ್ದೆ.

ಇದೂ ನನಗೆ ನೆನಪಾಗಲಿಲ್ಲ. ಇವತ್ತಿಗೂ ಆಗಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಹಸಿರು ಲಂಗವೇ ಕಾಣುತ್ತದೆ.

"ಮೊದಲೇ ಯಾಕೆ ಹೇಳಲಿಲ್ಲ?"

"ಮೊದಮೊದಲು ನಾಟಕ ಮಾಡ್ತಿದೀಯ ಅಂದ್ಕೊಂಡೆ. ಅಮ್ಮ ಹೋದಾಗ ಗೊತ್ತಾಯ್ತು, ನೀನು ನಿಜವಾಗ್ಲೂ ನಂಬಿದೀಯ. ಆಗ ಹೇಗೆ ಹೇಳಲಿ?"

ಅಕ್ಕನ ಮಗಳು ಸೋಫಾದಿಂದ ಎದ್ದು ಬಂದಳು. ಇಲ್ಲೇ ಹುಟ್ಟಿದವಳು. ಅಮ್ಮ ಅಜ್ಜಿಯ ದನಿ ಅಳಿಸಿದವಳು ಎಂದು ನನ್ನಿಂದಲೇ ಕೇಳಿ ಬೆಳೆದವಳು. "ಮಾಮ, ಆ ಕಾಲಮ್ ಇನ್ನೂ ಆನ್‌ಲೈನ್ ಇದೆ. ಆರ್ ಯೂ ಗೋಯಿಂಗ್ ಟು ಡಿಲೀಟ್ ಇಟ್?"

ಖಂಡಿತ, ಈಗಲೇ ತೆಗೆಸುತ್ತೇನೆ ಎಂದು ಫೋನ್ ತೆಗೆದೆ. ಅಕ್ಕ ಕೈ ಹಿಡಿದಳು.

"ತೆಗೆಸಬೇಡ. ಅದರ ಕೆಳಗೆ ಇದನ್ನೂ ಬರಿ. ಅಳಿಸೋದು ನಿನಗೆ ತುಂಬ ಸಲೀಸು."

ಬರೆದಿದ್ದೇನೆ. ಆದರೆ ವಾಂಗೀಬಾತ್ ಪುಡಿಗೆ ಎಷ್ಟು ಲವಂಗ ಎಂದು ಅಕ್ಕ ಈಗ ಯಾರನ್ನು ಕೇಳಬೇಕು?