ಒರೆಸಮ್ಮ ಮತ್ತು ಮಾವನ ಉಸಿರು

ವಿಮಾನ ನಿಲ್ಲಿಸುವ ನಮ್ಮ ಹ್ಯಾಂಗರಿನಲ್ಲಿ ಅವಳನ್ನು ಕರೆಯುತ್ತಿದ್ದದ್ದೇ ಒರೆಸಮ್ಮ ಎಂದು. ತೊಳೆದಿಟ್ಟ ಲೋಟವನ್ನೂ ಮತ್ತೆ ಒರೆಸುತ್ತಾಳೆ ಎಂದು ಗಂಡನೇ ದೂರುತ್ತಿದ್ದ. ನಗುವವರು ನಗಲಿ. ಅವಳು ಒರೆಸುತ್ತಿದ್ದದ್ದು ಕೂದಲಿನಷ್ಟು ಸಣ್ಣ ಗಾಜಿನ ಎಳೆಯ ತುದಿಯನ್ನು. ಹೊಸ ವಿಮಾನದಲ್ಲಿ ತಾಮ್ರದ ವೈರು ಹೋಗಿ ಈ ಎಳೆ ಬಂದಿತ್ತು. ಪೈಲಟ್ ಕೋಲು ಅಲುಗಿಸಿದರೆ ಅವನ ಮಾತು ಬೆಳಕಾಗಿ ಇದರೊಳಗೆ ಓಡಿ ಬಾಲದ ರೆಕ್ಕೆಯನ್ನು ತಿರುಗಿಸಬೇಕು. ತುದಿಗೆ ಕೊಳೆ ಮೆತ್ತಿದರೆ ಬೆಳಕು ಮಂಕಾಗುತ್ತದೆ.

ಅವಳಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು ಸೋದರಮಾವ. ಅಪ್ಪನಿಲ್ಲದ ಮನೆಗೆ ಅನ್ನ ಹಾಕಿದವರೂ ಅವರೇ. ಜೀವಮಾನವೆಲ್ಲ ಇದೇ ಹ್ಯಾಂಗರಿನಲ್ಲಿ ವೈರಿನ ಕೆಲಸ ಮಾಡಿದ ಮಾವನಿಗೆ ಪ್ಲಗ್ ಸಿಕ್ಕಿಸುವ ಮುಂಚೆ ಧೂಳು ಹಾರಲೆಂದು ಉಫ್ ಎಂದು ಊದುವ ಚಾಳಿ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ಕಲಿತ ಚಾಳಿಯೂ ಅಷ್ಟೇ.

ಮೊದಲ ಹಾರಾಟದ ದಿನ ಬಾಲದ ಬಳಿಯ ಪಂಪ್ ಬಿಗಿ ಮಾಡಲು ಮಾವ ಅಡ್ಡ ಬಂದ ಎಳೆಯನ್ನೂ, ಅದು ಕೆಟ್ಟರೆ ಇರಲಿ ಎಂದಿಟ್ಟಿದ್ದ ಇನ್ನೊಂದನ್ನೂ ಬಿಚ್ಚಿದರು. ಮತ್ತೆ ಸಿಕ್ಕಿಸುವಾಗ ಎರಡಕ್ಕೂ ಊದಿದರು. ಹ್ಯಾಂಗರಿನ ಆ ತುದಿಯಿಂದ ಅವಳು ನೋಡಿದಳು. ಓಡಿ ಬರುವಷ್ಟರಲ್ಲಿ ಮುಚ್ಚಳ ಹಾಕಿ, ಏಣಿ ತೆಗೆದು, ಎಂಜಿನ್ ಶುರು ಮಾಡಿಯಾಗಿತ್ತು. ಪರೀಕ್ಷೆಯ ದೀಪ ಹಸಿರಾಗಿಯೇ ಉರಿಯಿತು. ನೆಲದ ಮೇಲೇನೋ ಸರಿ, ಮೇಲಿನ ಚಳಿಗೆ ಉಸಿರಿನ ತೇವ ಹೆಪ್ಪುಗಟ್ಟಿದರೆ? ಒರೆಸದೆ ಸಿಕ್ಕಿಸಿದವರಿಗೆ ಹ್ಯಾಂಗರಿನ ಬಾಗಿಲು ಮತ್ತೆ ತೆರೆಯುವುದಿಲ್ಲ ಎಂಬುದು ಇಲ್ಲಿನ ಕಟ್ಟಳೆ. ಬಾಯಿ ಬಿಟ್ಟರೆ ಉಂಡ ಮನೆಗೆ ಎರಡು ಬಗೆದಂತೆ, ಮುಚ್ಚಿಕೊಂಡರೆ ಪೈಲಟ್ಟನ ಪ್ರಾಣ.

ವಿಮಾನ ಕದಲಿತು. ಅವಳು ಅದರ ಮುಂದೆಯೇ ಓಡಿ ಎರಡೂ ಕೈ ಅಡ್ಡ ಹಿಡಿದು ನಿಂತಳು.

ಎಂಜಿನ್ ನಿಂತಿತು. "ಏನಮ್ಮಾ ಇದು? ದೀಪ ಹಸಿರಿರೋದು ಕಾಣ್ಸಲ್ವಾ?" ಎಂದು ಎಂಜಿನಿಯರ್ ಹರಿಹಾಯ್ದರು.

"ಯಾಕೋ ಅನುಮಾನ ಸರ್. ಬಾಲದ ಹತ್ರ ಒಂದ್ಸಲ ಬಿಚ್ಚಿ ನೋಡ್ಬಿಡ್ತೀನಿ."

ಸೂಕ್ಷ್ಮದರ್ಶಕ ಇಟ್ಟು ನೋಡಿದರೆ ಎರಡು ತುದಿಯಲ್ಲೂ ಎಂಜಲಿನ ಚುಕ್ಕೆ. ಎಂಜಿನಿಯರ್ ಮುಖ ಬಿಳಿಚಿಕೊಂಡಿತು.

"ಯಾರು ಇದನ್ನ ಸಿಕ್ಸಿದ್ದು?"

ಅವಳು ತಲೆ ಬಗ್ಗಿಸಿ ತುದಿ ಒರೆಸತೊಡಗಿದಳು.

"ಅವಳನ್ಯಾಕೆ ಕೇಳ್ತೀರಾ? ಊದಿದ್ದು ನಾನು," ಎಂದರು ಮಾವ. ಕೊರಳಿನ ಪಾಸು ತೆಗೆದು ತಾವೇ ಎಂಜಿನಿಯರ್ ಕೈಗಿಟ್ಟು ಗೇಟಿನ ಕಡೆ ನಡೆದರು.

ತುದಿಗಳನ್ನು ಒರೆಸಿ ಮುಗಿಸಿದ ಮೇಲೆ ಅವಳು ಗೇಟಿನಾಚೆ ಟೀ ಅಂಗಡಿಗೆ ಹೋದಳು. ಮಾವ ಬೆಂಚಿನ ಮೇಲೆ ಕೂತಿದ್ದರು. ಬೈಗುಳಕ್ಕೆ ಸಿದ್ಧಳಾಗಿಯೇ ಪಕ್ಕದಲ್ಲಿ ಕೂತಳು. ಅವರು ಆಕಾಶದ ಕಡೆ ನೋಡುತ್ತಿದ್ದರು. ವಿಮಾನ ಮೇಲೇರಿ ಸದ್ದು ಸಣ್ಣದಾಯಿತು. ಮಾವ ಲೋಟವನ್ನು ಬಾಯಿಯ ಹತ್ತಿರ ತಂದು, ತುಟಿ ಮುಂದೆ ಮಾಡಿ, ಹಾಗೇ ತಡೆದುಬಿಟ್ಟರು.

"ಊದ್ಕೊಂಡು ಕುಡೀರಿ ಮಾವ, ಬಿಸಿ ಇದೆ," ಎಂದಳು.

ಮಾವ ನಗಲು ಹೋಗಿ ಅತ್ತುಬಿಟ್ಟರು.