ಎಣಿಕೆಗೆ ಬಾರದ ಮೂರು ಸುತ್ತು

ದೇವಾಪುರದ ಶೇಖಮ್ಮ ಕುರಿ ಕಾಯುವ ಮನೆತನದ ಹುಡುಗಿ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿಯುತ್ತಿದ್ದಳು. ಕೊನೆಯ ಆರು ತಿಂಗಳು ಹೊರಗೆ ಕೆಲಸ ಮಾಡುತ್ತಲೇ ಕಲಿಯಬೇಕೆಂಬ ನಿಯಮವಿತ್ತು. ಹಾಗಾಗಿ ದಿನಾ ಬಸ್ಸು ಹಿಡಿದು ಸುರಪುರಕ್ಕೆ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕಟ್ಟಿಕೊಡುವ ಲಾಡ್ಲೇಸಾಬರ ಅಂಗಡಿಗೆ ಬರುತ್ತಿದ್ದಳು. ಕಾಲುವೆಗಿಂತ ಎತ್ತರದಲ್ಲಿದ್ದ ಹೊಲದವರೆಲ್ಲ ಮೋಟಾರಿನಿಂದಲೇ ನೀರೆತ್ತಬೇಕಿತ್ತು, ಅಂಗಡಿಗೆ ಬಿಡುವೆಂಬುದಿರಲಿಲ್ಲ.

ತರಬೇತಿ ಮುಗಿಯಲು ಎರಡು ದಿನ ಉಳಿದಿತ್ತು. ಶನಿವಾರದೊಳಗೆ ಲಾಡ್ಲೇಸಾಬರು ಅವಳ ತರಬೇತಿ ಪುಸ್ತಕದಲ್ಲಿ ‘ಕೆಲಸ ಬರುತ್ತದೆ’ ಎಂದು ಬರೆದು ಸಹಿ ಹಾಕಿದರೆ ಮಾತ್ರ ಪರೀಕ್ಷೆ. ಇಲ್ಲವಾದರೆ ಒಂದು ವರ್ಷ ಕಾಯಬೇಕು.

ಗುರುವಾರ ಅಂಬ್ರಪ್ಪನೆಂಬ ರೈತ, ಮೂರು ದಿನದ ಹಿಂದಷ್ಟೇ ಕಟ್ಟಿಕೊಟ್ಟಿದ್ದ ಮೋಟಾರನ್ನು ವಾಪಸು ತಂದ.

“ಬರೇ ಗುರ್ ಅಂತದರಿ ಸಾಬ್ರ. ನೀರ ಬರಾಂಗಿಲ್ಲ, ಮ್ಯಾಲ ರೊಟ್ಟಿ ಬೇಕಾದ್ರ ಸುಡಬೋದು.”

ಆ ಮೋಟಾರಿನ ಮೂರು ಫೇಸುಗಳಲ್ಲಿ ಎರಡರ ತಂತಿಯನ್ನು ಲಾಡ್ಲೇಸಾಬರೂ ಒಂದರದನ್ನು ಶೇಖಮ್ಮನೂ ಸುತ್ತಿದ್ದರು. ಅವಳು ತನ್ನ ಕೈಯಾರೆ ಸುತ್ತಿದ್ದು ಅದೇ ಮೊದಲು. ಲಾಡ್ಲೇಸಾಬರು ಬಿಚ್ಚಿ, ತಂತಿಯನ್ನು ಮೂಸಿ ನೋಡಿದರು.

“ತಂತಿನೇ ಖರಾಬ್ ಅದ. ನಿನ್ನ ಕೈ ಸಾಫ್ ಅದ ಯವ್ವಾ. ಶನಿವಾರ ಪುಸ್ತಕ ತಗೊಂಡ ಬಾ.”

ಸಂಜೆ ಮನೆಗೆ ಬಂದಾಗ ಅಪ್ಪ ಅಯ್ಯಣ್ಣ ದೊಡ್ಡಿಯ ಬಾಯಲ್ಲಿ ನಿಂತು ಕುರಿ ಎಣಿಸುತ್ತಿದ್ದ. ಇಪ್ಪತ್ತಾದೊಡನೆ ಒಂದು ಹರಳನ್ನು ಉಡಿಗೆ ಹಾಕಿಕೊಂಡು, ಮುಂದಿನ ಕುರಿಯನ್ನು ಎಣಿಸದೆ ಒಳಗೆ ಬಿಟ್ಟು, ಮತ್ತೆ ಒಂದರಿಂದ ಶುರುಮಾಡಿದ. ಅದು ಬೀರಪ್ಪನ ಪಾಲು. ದೇವರ ಕುರಿಯನ್ನು ಅವರ ಮನೆಯಲ್ಲಿ ಎಣಿಕೆಗೆ ಹಿಡಿಯುತ್ತಿರಲಿಲ್ಲ. ಶೇಖಮ್ಮನೂ ಸಣ್ಣಂದಿನಿಂದ ಹಾಗೇ ಎಣಿಸಿದವಳು.

ಅವಳು ನಿಂತಲ್ಲೇ ನಿಂತಳು. ತಂತಿ ಸುತ್ತುವಾಗಲೂ ಇಪ್ಪತ್ತಕ್ಕೊಮ್ಮೆ ಸುಣ್ಣದ ಗೆರೆ ಎಳೆದು, ಒಂದು ಸುತ್ತನ್ನು ಎಣಿಸದೆ ತಿರುಗಿಸಿದ್ದಳು. ಒಂದೊಂದು ಸುರುಳಿಯಲ್ಲೂ ಅರವತ್ತು ಇರಬೇಕಾದಲ್ಲಿ ಅರವತ್ತಮೂರು. ಮೂರು ಫೇಸಿನ ಸುತ್ತು ಸಮ ಇಲ್ಲದ ಮೋಟಾರು ಕಾಯದೆ ಇನ್ನೇನು ಮಾಡೀತು? ಸುಮ್ಮನಿದ್ದರೆ ನಾಡಿದ್ದು ಸಹಿ ಆಗುತ್ತದೆ.

ಶುಕ್ರವಾರ ಅಂಗಡಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿದ್ದಳು.

“ಉಸ್ತಾದ್ರಿ, ತಂತಿದು ತಪ್ಪಿಲ್ರಿ. ನಂದದ.”

ಲಾಡ್ಲೇಸಾಬರು ಎಲ್ಲ ಕೇಳಿಕೊಂಡು, ಒಂದು ಸುರುಳಿ ಕತ್ತರಿಸಿ ಎಳೆ ಎಣಿಸಿದರು. ಎರಡನೇ ಸಲವೂ ಎಣಿಸಿದರು.

“ಬೀರಪ್ಪಗ ನನ್ನ ತಾಮ್ರ ಕೊಟ್ಟಿ,” ಎಂದರು. ನಗಲಿಲ್ಲ. “ಈಗ ಕೆಲಸ ಬರ್ತದಂತ ಹ್ಯಾಂಗ ಬರೀಲಿ? ಮೂರೂ ಫೇಸ್ ನೀನೇ ಕಟ್ಟು. ತಿರುಗಿದ ಮ್ಯಾಲ ಬರೀತೀನಿ.”

“ಶನಿವಾರ ನಾಳೆನೇ ಅದರಿ.”

“ಗೊತ್ತದ.”

ಸುತ್ತಿ ಕೂಡಿಸಲು ಎರಡು ದಿನ, ವಾರ್ನಿಷ್ ಒಣಗಲು ಎರಡು ದಿನ ಹಿಡಿಯಿತು. ಬುಧವಾರ ಅಂಬ್ರಪ್ಪನ ಹೊಲದಲ್ಲಿ ಮೋಟಾರು ಓಡಿತು. ಲಾಡ್ಲೇಸಾಬರು ಅದರ ಬೆನ್ನ ಮೇಲೆ ಅಂಗೈ ಇಟ್ಟು ಒಂದು ತಾಸು ಕೂತರು. ಮೆಣಸಿನಕಾಯಿ ಸಾಲುಗಳಿಗೆ ನೀರು ಹರಿಯಿತು. ಬದುವಿನ ಮೇಲೆ ಕೂತೇ ಪುಸ್ತಕ ಕೇಳಿ ಪಡೆದು, ‘ಕೆಲಸ ಬರುತ್ತದೆ’ ಎಂದು ಬರೆದು, ಅಂದಿನ ತಾರೀಖೇ ಹಾಕಿದರು. ಹಿಂದಿನ ತಾರೀಖು ಹಾಕಿರೆಂದು ಅವಳು ಕೇಳಲಿಲ್ಲ.

ಜೊತೆಯವರು ಪರೀಕ್ಷೆಗೆ ಕೂತ ದಿನ ಶೇಖಮ್ಮ ಅದೇ ಅಂಗಡಿಯಲ್ಲಿ ಬೇರೊಂದು ಮೋಟಾರಿನ ಸುಟ್ಟ ತಂತಿ ಕೀಳುತ್ತಿದ್ದಳು. ಲಾಡ್ಲೇಸಾಬರು ಆ ದಿನ ಅವಳಿಗೆ ಏನನ್ನೂ ಹೇಳಿಕೊಡಲಿಲ್ಲ. ಹೊಸ ತಂತಿಯ ಉಂಡೆಯನ್ನು ಅವಳ ಮುಂದಿಟ್ಟು, ಸುತ್ತು ಎಣಿಸಲು ನಿಲ್ಲದೆ ಗಿರಾಕಿಯ ಕಡೆ ಹೋದರು.